ಅಡ್ಡಿ ಇಲ್ಲವೆಂಬ ಅಡ್ಡಿ

ಹೊಗಳಿಕೆಯ ವಿಷಯದಲ್ಲಿ ಒಂದೊಂದು ಸೀಮೆಯದು ಒಂದೊಂದು ಕೈ. ಕೆಲವರದು ಧಾರಾಳ, ಕೆಲವರದು ಬಿಗಿ. ವಾಡಿ ಜಂಕ್ಷನ್ನಿನ ಹೊರಗೆ ಚಹಾ ಕುಡಿಯುತ್ತ ನಿಂತವರನ್ನು ನೀವು ಸ್ವಲ್ಪ ಹೊತ್ತು ಗಮನಿಸಿದರೆ ನನ್ನ ಮಾತು ಒಪ್ಪುತ್ತೀರಿ. ಶುಂಠಿ ಜಜ್ಜಿ ಹಾಕಿ ಚೆನ್ನಾಗಿ ಕುದಿಸಿದ ಚಹಾವನ್ನು ಒಬ್ಬ ಹಿರಿಯರು ಕಣ್ಣು ಮುಚ್ಚಿ ಕೊನೆಯ ಹನಿಯವರೆಗೂ ಹೀರುತ್ತಾರೆ, ಕಪ್ಪು ಕೆಳಗಿಡುತ್ತಾರೆ, ಮೀಸೆ ಒರೆಸಿಕೊಳ್ಳುತ್ತಾರೆ, ಆಮೇಲೆ ತೀರ್ಪು ಕೊಡುವವರಂತೆ “ಅಡ್ಡಿ ಇಲ್ಲ” ಎನ್ನುತ್ತಾರೆ. ಅಂಗಡಿಯವನ ಮುಖ ಅರಳುತ್ತದೆ. ನಾನು ಈ ಕಡೆಗೆ ಬಂದ ಹೊಸತರಲ್ಲಿ ಇದನ್ನು ನೋಡಿ, ಪಾಪ, ಚಹಾ ಸುಮಾರಾಗಿದ್ದಿರಬೇಕು, ಹಿರಿಯರು ಸೌಜನ್ಯಕ್ಕಾಗಿ ಸಹಿಸಿಕೊಂಡರು ಎಂದುಕೊಂಡಿದ್ದೆ. ಸುಮಾರಾದ ಚಹಾ ಮಾಡಿದವನ ಮುಖ ಅರಳುವುದು ಯಾಕೆ ಎಂದು ಯೋಚಿಸುವಷ್ಟು ದೂರ ನನ್ನ ಬುದ್ಧಿ ಓಡಲಿಲ್ಲ.

ನಾನು ಕೊಳ್ಳೇಗಾಲದ ಕಡೆಯವನು. ವೃತ್ತಿಯಿಂದ ಉಪದೇಶಿ, ವಾಸದಿಂದ ಪರದೇಶಿ. ನಮ್ಮ ಕ್ರೈಸ್ತ ಸಭೆಯವರು ನನ್ನನ್ನು ಸೇವೆಗೆಂದು ಇಲ್ಲಿಗೆ ಕಳಿಸಿದಾಗ ಶಹಾಬಾದದಲ್ಲಿ ಒಂದು ಹಳೆಯ ಮನೆಯನ್ನೂ ಐದು ಊರುಗಳ ತಿರುಗಾಟವನ್ನೂ ಕೊಟ್ಟರು. ಭಾನುವಾರ ಆರಾಧನೆ, ಉಳಿದ ದಿನ ವಾಡಿಯಲ್ಲಿ ಮಕ್ಕಳಿಗೆ ಪಾಠ, ಚಿತ್ತಾಪುರದಲ್ಲಿ ಪ್ರಾರ್ಥನೆ, ಸೇಡಂನ ಆಸ್ಪತ್ರೆಯಲ್ಲಿ ರೋಗಿಗಳ ಭೇಟಿ, ತಿಂಗಳಿಗೊಮ್ಮೆ ಚಿಂಚೋಳಿ. ಇದರ ಜೊತೆಗೆ ಜಗಳವಾಡಿದ ಗಂಡಹೆಂಡಿರನ್ನು ಕೂರಿಸಿ ದಾಂಪತ್ಯದಲ್ಲಿ ಒಬ್ಬರ ಮಾತನ್ನು ಒಬ್ಬರು ಅರ್ಥಮಾಡಿಕೊಳ್ಳುವುದು ಹೇಗೆಂದು ಬೋಧಿಸುವ ಕೆಲಸವೂ ಇತ್ತು. ಬೋಧಿಸುವವನು ಬ್ರಹ್ಮಚಾರಿ ಎಂಬುದನ್ನು ಅವರು ದೊಡ್ಡ ಮನಸ್ಸಿನಿಂದ ಮರೆಯುತ್ತಿದ್ದರು. ಊರಿನ ಉಳಿದವರಿಗೆ ನಾನು ‘ಫಾದರ್’. ನಮ್ಮಲ್ಲಿ ಫಾದರ್ ಎನ್ನುವುದಿಲ್ಲ, ಪಾಸ್ಟರ್ ಎನ್ನುತ್ತಾರೆ, ಪಾಸ್ಟರು ಮದುವೆಯಾಗಬಹುದು ಎಂದು ವಿವರಿಸಿ ಸುಸ್ತಾಗಿ ಕೊನೆಗೆ ನಾನೂ ಓಗೊಡತೊಡಗಿದೆ. ಹೀಗಾಗಿ ನನಗೆ ಕನ್ಯೆ ನೋಡುತ್ತಿದ್ದಾರೆಂಬ ಸುದ್ದಿ ಹಬ್ಬಿದಾಗ ನಮ್ಮ ಓಣಿಯಲ್ಲಿ ಸಂತೋಷಕ್ಕಿಂತ ಹೆಚ್ಚಾಗಿ ಒಂದು ಬಗೆಯ ನೈತಿಕ ಕಳವಳ ಉಂಟಾಯಿತು.

ಕನ್ಯೆಯನ್ನು ನಾನು ಮೊದಲೇ ನೋಡಿದ್ದೆ. ಸೇಡಂನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಸುಜಾತಾ, ರೋಗಿಯ ಪಕ್ಕದಲ್ಲಿ ನನ್ನ ಪ್ರಾರ್ಥನೆ ಸ್ವಲ್ಪ ಉದ್ದವಾದಾಗ ನಯವಾಗಿ “ಇಂಜೆಕ್ಷನ್ ಟೈಮ್ ಆಗ್ಯದ್ರಿ” ಎಂದು ಆಮೆನ್ ಹೇಳಿಸುತ್ತಿದ್ದರು. ಮಾತನ್ನು ಔಷಧದಂತೆ ಅಳೆದು ಕೊಡುವ ಸ್ವಭಾವ. ನನಗೋ ಮಾತೇ ಕಸುಬು. ಆ ಮಿತಭಾಷೆಗೆ ಮರುಳಾಗಿ, ಸೇಡಂನಲ್ಲಿ ಅಷ್ಟೊಂದು ರೋಗಿಗಳು ಇಲ್ಲದಿದ್ದರೂ ಅಲ್ಲಿಗೆ ಮತ್ತೆ ಮತ್ತೆ ಪ್ಯಾಸೆಂಜರ್ ರೈಲು ಹಿಡಿಯತೊಡಗಿದೆ. ಕಲಬುರಗಿಯಲ್ಲಿದ್ದ ನಮ್ಮ ಹಿರಿಯ ಪಾಸ್ಟರು ನನ್ನಂತೆಯೇ ಮೈಸೂರು ಕಡೆಯವರು. ರೋಗಿಗಳ ಮೇಲಿನ ನನ್ನ ಈ ಹೊಸ ಕರುಣೆಯ ಮೂಲವನ್ನು ಪತ್ತೆಹಚ್ಚಿ, ಅವರೇ ಮುಂದೆ ನಿಂತು ಚಿಂಚೋಳಿಯಲ್ಲಿದ್ದ ಸುಜಾತಾರ ಮನೆಗೆ ನನ್ನನ್ನು ಕರೆದುಕೊಂಡು ಹೋದರು.

ಆ ದಿನ ಸುಜಾತಾ ಚಹಾ ತಂದಿಟ್ಟರು, ನಾಲ್ಕು ಮಾತಾಡಿದರು, ಒಳಗೆ ಹೋದರು. ಅವರ ಅವ್ವ ಶಾಂತಮ್ಮ ಬಾಗಿಲಲ್ಲೇ ನಿಂತು ಕೇಳಿದ್ದು ಹೊರಗಿದ್ದ ನಮಗೂ ಕೇಳಿಸಿತು: “ಹುಡುಗ ಹ್ಯಾಂಗ ಅನಸ್ತಾನವ್ವ?”

ಒಳಗಿನಿಂದ ಉತ್ತರ ಬಂತು. “ಅಡ್ಡಿ ಇಲ್ಲ.”

ಮನೆಯವರೆಲ್ಲ ನಕ್ಕರು, ಯಾರೋ ಸಕ್ಕರೆ ತಂದರು, ಈಸ್ಟರ್ ಕಳೆದ ಮೇಲೆ ನಿಶ್ಚಿತಾರ್ಥ ಎಂದಾಯಿತು. ನಾನೂ ಹಿರಿಯ ಪಾಸ್ಟರೂ ಮಾತ್ರ ಸಕ್ಕರೆ ಬಾಯಿಗೆ ಹಾಕಿಕೊಂಡು ಒಬ್ಬರ ಮುಖ ಒಬ್ಬರು ನೋಡಿದೆವು. ನಮ್ಮ ಕಡೆ ಅಡ್ಡಿಯಿಲ್ಲ ಎಂದರೆ ಅದು ಕಚೇರಿಯವರು ಕೊಡುವ ನಿರಾಕ್ಷೇಪಣಾ ಪತ್ರ. ಈ ವ್ಯಕ್ತಿ ಇಲ್ಲಿ ಇದ್ದರೆ ನಮಗೆ ತಕರಾರಿಲ್ಲ, ಇಲ್ಲದಿದ್ದರೂ ನಷ್ಟವಿಲ್ಲ ಎಂದು ಅದರ ತಾತ್ಪರ್ಯ. ಬಸ್ಸಿನಲ್ಲಿ ಹಿರಿಯರು ನನ್ನ ತೊಡೆ ತಟ್ಟಿ, “ನಿಧಾನವಾಗಿ ಇಷ್ಟ ಆಗ್ತೀಯ ಬಿಡಪ್ಪ” ಎಂದು ಸಮಾಧಾನ ಹೇಳಿದರು. ನನಗೆ ನಿಧಾನ ಬೇಕಿರಲಿಲ್ಲ. ನನಗೆ ಸುಜಾತಾ ಬೇಕಾಗಿದ್ದರು, ಅದಕ್ಕಿಂತ ಹೆಚ್ಚಾಗಿ ಅವರಿಗೆ ನಾನು ಬೇಕಾಗಬೇಕಿತ್ತು. ತಕರಾರಿಲ್ಲ ಎಂಬ ಒಂದೇ ಕಾರಣಕ್ಕೆ ಒಬ್ಬ ಹೆಣ್ಣುಮಗಳು ನನ್ನ ಜೊತೆ ಜನ್ಮ ಕಳೆಯುವುದನ್ನು ನೆನೆದರೇ ಎದೆ ಭಾರವಾಗುತ್ತಿತ್ತು.

ನನ್ನನ್ನು ನಾನು ಸುಧಾರಿಸಿಕೊಳ್ಳುವುದು ಕಷ್ಟಸಾಧ್ಯವಾದ್ದರಿಂದ ಮನೆಯನ್ನಾದರೂ ಸುಧಾರಿಸೋಣವೆಂದು ಜೀರ್ಣೋದ್ಧಾರಕ್ಕೆ ಕೈಹಾಕಿದೆ. ಶಹಾಬಾದದ ಮನೆಗಳ ಬಗ್ಗೆ ನಿಮಗೆ ತಿಳಿದಿರಬಹುದು: ನೆಲಕ್ಕೆ ಫರಸಿ ಕಲ್ಲು, ಗೋಡೆಗೆ ಫರಸಿ ಕಲ್ಲು, ತಲೆಯ ಮೇಲೂ ಅದೇ ಕಲ್ಲು. ಬೇಸಿಗೆಯಲ್ಲಿ ಒಳಗೆ ಕುಳಿತರೆ ಹಂಚಿನ ಮೇಲಿನ ರೊಟ್ಟಿಯ ಸುಖದುಃಖಗಳೆಲ್ಲ ಅರ್ಥವಾಗುತ್ತವೆ. ಗೌಂಡಿ ಕೆಲಸಕ್ಕೆ ಭಂಕೂರದ ಮೌಲಾಸಾಬರು ಬಂದರು. ಮೊದಲ ದಿನ ಅವರು ಗೋಡೆಯನ್ನು ಬಿಟ್ಟು ನನ್ನನ್ನೇ ಪರೀಕ್ಷಿಸಿ ಕೇಳಿದರು: “ಫಾದರ್ ಸಾಬ್, ನೀವ್ ಲಗ್ನ ಆಗಲಿಕ್ಕ ಬರ್ತದೇನ್ರಿ? ಮ್ಯಾಲಿನವರು ಏನೂ ಅನ್ನಂಗಿಲ್ಲಾ?” ಮೇಲಿನವರು ಎಂದರೆ ದೇವರೋ ಹಿರಿಯ ಪಾಸ್ಟರೋ ತಿಳಿಯದೆ, ಇಬ್ಬರದೂ ಒಪ್ಪಿಗೆ ಇದೆ ಎಂದೆ.

ಅಡುಗೆಮನೆಯಲ್ಲಿ ಹೊಸ ಕಟ್ಟೆ ಕಟ್ಟಿ, ಮೇಲೆ ನುಣುಪಾದ ಫರಸಿ ಕೂರಿಸಿ ಆದ ಮೇಲೆ, ಒಂದು ಭಾನುವಾರ ಆರಾಧನೆ ಮುಗಿಸಿಕೊಂಡು ಸುಜಾತಾ ಅವ್ವನ ಜೊತೆ ಮನೆ ನೋಡಲು ಬಂದರು. ಕಟ್ಟೆಯ ಮೇಲೆ ಅಂಗೈ ಆಡಿಸಿ, ಎತ್ತರ ನೋಡಿ, “ಅಡ್ಡಿ ಇಲ್ರಿ” ಎಂದರು. ಮಾರನೆಯ ದಿನವೇ ಒಡೆಯಲು ಹೇಳಿದೆ. ಮೌಲಾಸಾಬರು ಸುತ್ತಿಗೆ ಹಿಡಿದು ನಿಂತರು.

“ಅಕ್ಕೋರು ಅಡ್ಡಿ ಇಲ್ಲ ಅಂದಾರಲ್ರಿ. ಮತ್ಯಾಕ ಒಡಿಬೇಕು?”

“ಅದಕ್ಕೇ ಒಡೆಯಬೇಕು” ಎಂದೆ.

ಅವರು ಒಮ್ಮೆ ನನ್ನನ್ನೂ ಒಮ್ಮೆ ಕಟ್ಟೆಯನ್ನೂ ನೋಡಿ, “ನಿಮ್ಮ ಮರ್ಜಿ” ಎಂದು ಸುತ್ತಿಗೆ ಎತ್ತಿದರು. ಪ್ರೇಮದಲ್ಲಿ ಬಿದ್ದವರ ಜೊತೆ ವಾದ ಮಾಡುವುದು ಅವರ ಕಸುಬಿನಲ್ಲಿ ಸೇರಿರಲಿಲ್ಲ. ಕಲ್ಲು ಹೋಗಿ ಹೊಳೆಯುವ ಟೈಲ್ಸ್ ಬಂತು. ಮುಂದಿನ ಸಲ ಸುಜಾತಾ ಆ ಟೈಲ್ಸ್ ನೋಡಿ ಏನೂ ಅನ್ನಲಿಲ್ಲ. ಬೆರಗಾಗಿ ಮಾತು ಹೊರಡಲಿಲ್ಲವೆಂದು ನಾನು ಒಳಗೊಳಗೇ ಹಿಗ್ಗಿದೆ. ಆದರೆ ಹೊರಕೋಣೆಯ ತಿಳಿನೀಲಿ ಬಣ್ಣಕ್ಕೆ ಮತ್ತೆ ಅದೇ ಮಾತು. ರಾತ್ರಿಯೆಲ್ಲ ಹೊರಳಾಡಿ ಅದರ ಮೇಲೆ ಬಾದಾಮಿ ಬಣ್ಣ ಬಳಿಸಿದೆ. ಅಡುಗೆಮನೆಗೂ ಹೊರಕೋಣೆಗೂ ನಡುವೆ ಇದ್ದ ಅಡ್ಡಗೋಡೆಯ ಗೂಡಿನಲ್ಲಿ ದೀಪ ಇಡಲು, ಬೈಬಲ್ ಇಡಲು ಜಾಗವಿತ್ತು. ಅದರ ಮುಂದೆ ಅವರು ಬಹಳ ಹೊತ್ತು ನಿಂತು, ಅವ್ವನ ಕಡೆ ತಿರುಗಿ, “ಇದು ಭಾಳ ಅಡ್ಡಿ ಇಲ್ಲ ನೋಡವ್ವ” ಎಂದಿದ್ದರು. ಅಡ್ಡಿ ಇಲ್ಲದಿರುವುದೇ ಸಾಲದೆಂದು ಅದಕ್ಕೊಂದು ಭಾಳ ಬೇರೆ ಸೇರಿತೆಂದ ಮೇಲೆ ಆ ಗೋಡೆಗೆ ಉಳಿಗಾಲವೆಲ್ಲಿ? ಅಡ್ಡಗೋಡೆ ಅಡ್ಡಬಿತ್ತು.

ಇಷ್ಟರ ನಡುವೆ ನಮ್ಮ ಭೇಟಿಗಳೂ ನಡೆದೇ ಇದ್ದವು. ಸೇಡಂ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಡ್ಯೂಟಿ ಮುಗಿದ ಮೇಲೆ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ. ನಾನು ಮಾತಾಡುತ್ತಿದ್ದೆ, ಅವರು ಕೇಳುತ್ತಿದ್ದರು. ಒಮ್ಮೊಮ್ಮೆ ನನ್ನ ‘ಕೂತ್ಕೊಳ್ಳಿ’ಯನ್ನು ‘ಕುಂದ್ರಿ’ ಎಂದು ತಿದ್ದಿ ಮುಸಿನಗುತ್ತಿದ್ದರು. ಆ ನಗುವನ್ನು ನೋಡಿದಾಗ ಎಲ್ಲ ಸರಿಹೋಗುತ್ತದೆ ಎನಿಸುತ್ತಿತ್ತು. ಆದರೆ ಗೋಡೆ ಬಿದ್ದ ಮನೆಯನ್ನು ಅವರು ನೋಡಿದ ದಿನದಿಂದ ಆ ನಗುವೂ ನಿಂತಿತು. ನಿಶ್ಚಿತಾರ್ಥ ಇನ್ನೇನು ಬಂತು ಎನ್ನುವಾಗ ಶಾಂತಮ್ಮನವರ ಫೋನು ಬಂತು: “ಕಾರ್ಯಾ ಸ್ವಲ್ಪ ನಿಲ್ಲಸ್ರಿ ಪಾಸ್ಟರ್. ಹುಡುಗಿ ಮನಸ್ಸಿನ್ಯಾಗ ಏನೋ ಅದ, ಬಾಯಿ ಬಿಡವಲ್ಲಳು.”

ಚಿಂಚೋಳಿಯ ಬಸ್ಸಿನಲ್ಲಿ ಕುಳಿತವನಿಗೆ ದಾರಿ ಕಾಣಲಿಲ್ಲ. ಕೊನೆಗೂ ಆ ನಿರಾಕ್ಷೇಪಣೆಯೂ ರದ್ದಾಯಿತು, ಕೇಳಿ ಬಿಡುಗಡೆ ಕೊಟ್ಟು ಬರುವುದೇ ಮರ್ಯಾದೆ ಎಂದು ದಾರಿಯುದ್ದಕ್ಕೂ ಒಂದು ಗಂಭೀರ ಭಾಷಣ ಸಿದ್ಧಪಡಿಸಿಕೊಂಡೆ. ಅಂಗಳದ ಬೇವಿನ ಮರದ ಕೆಳಗೆ ಕುರ್ಚಿ ಹಾಕಿ, ನೀರು ಕೊಟ್ಟು, ನಾನು ಬಾಯಿ ತೆರೆಯುವ ಮೊದಲೇ ಸುಜಾತಾ ಮಾತಾಡಿದರು. ಅವರು ಒಮ್ಮೆಗೇ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ನಾ ಛಲೋ ಅದ ಅಂದಿದ್ದೆಲ್ಲಾ ಒಡಸ್ಲಿಕತ್ತೀರಿ. ಮೊದಲ ಕಟ್ಟಿ, ಆಮ್ಯಾಲ ಬಣ್ಣ, ಆಮ್ಯಾಲ ಆ ಗ್ವಾಡಿ. ಆ ಗೂಡು ನೋಡಿ ನನಗ ಎಷ್ಟ ಖುಷಿ ಆಗಿತ್ತು. ನಿಮಗ ನಾನೇ ಬ್ಯಾಡಾಗೀನಿ, ಹೇಳ್ಲಿಕ್ಕ ಬಾಯಿಲ್ಲ, ಅದಕ್ಕ ಹಿಂಗ ಮಾಡ್ಲಿಕತ್ತೀರಿ ಅನಸ್ತು.” ಕಣ್ಣು ತುಂಬಿತ್ತು.

“ಛಲೋ ಎಂದು ಯಾವಾಗ ಹೇಳಿದಿರಿ? ಅಡ್ಡಿಯಿಲ್ಲ ಎಂದಿರಿ” ಎಂದೆ.

“ಮತ್ತ? ಅದಕ್ಕಿಂತ ಹೆಚ್ಚಿಗಿ ಏನ್ ಅನ್ನಬೇಕ್ರಿ?”

ಬಾಗಿಲಲ್ಲಿ ನಿಂತಿದ್ದ ಶಾಂತಮ್ಮ ತಡೆಯಲಾರದೆ ನಡುವೆ ಬಂದರು. “ಇಕಿ ಅಪ್ಪ ನನ್ನ ಅಡಗಿಗಿ ಅಡ್ಡಿ ಇಲ್ಲ ಅಂದಿದ್ದು ಲಗ್ನ ಆದಾಗಿಂದ ಎರಡೇ ಸಲರಿ. ಎರಡೂ ಸಲ ನಾ ಒಳಗ ಹೋಗಿ ಅತ್ತೀನಿ, ಖುಷಿಗಿ.”

ನನ್ನ ಗಂಭೀರ ಭಾಷಣ ಅಲ್ಲೇ ಬೇವಿನ ಬುಡಕ್ಕೆ ಬಿತ್ತು. ನಮ್ಮ ಕಡೆ ಅದರ ಅರ್ಥವೇನೆಂದು ನಾಚಿಕೆಯಿಂದ ವಿವರಿಸಿದೆ. ಸುಜಾತಾ ಮೊದಲು ನಂಬಲಿಲ್ಲ; ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು, ಭುಜ ಅಲುಗುವಂತೆ ನಕ್ಕರು. ಹಾಗಾದರೆ ನಿಮಗೆ ಹಿಡಿಸದಿದ್ದರೆ ಏನು ಅನ್ನುತ್ತೀರಿ ಎಂದು ಕೇಳಿದೆ.

“ಏನೂ ಅನ್ನಂಗಿಲ್ರಿ. ಸುಮ್ಮ ಇರ್ತೀವಿ.”

ಆ ಹೊಳೆಯುವ ಟೈಲ್ಸು ಕಣ್ಣ ಮುಂದೆ ಬಂತು. ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಪ್ರಿಯ ಓದುಗರೇ, ನಮ್ಮಲ್ಲಿ ದೇವಾಲಯದ, ಅಂದರೆ ಚರ್ಚಿನ, ಉಪದೇಶಕ್ಕೆ ಪ್ರಸಂಗ ಎನ್ನುತ್ತಾರೆ. ಐದೂ ಊರುಗಳಲ್ಲಿ ನನ್ನ ಪ್ರಸಂಗ ಮುಗಿದ ಮೇಲೆ ಜನ ಒಂದು ಮಾತೂ ಆಡದೆ ಎದ್ದು ಹೋಗುತ್ತಿದ್ದರು, ಅವರು ಗಾಢವಾದ ಧ್ಯಾನದಲ್ಲಿ ಮುಳುಗಿದ್ದಾರೆಂದು ನಾನು ಧನ್ಯನಾಗುತ್ತಿದ್ದೆ. ಚಿತ್ತಾಪುರದ ಮುದುಕರೊಬ್ಬರು ಮಾತ್ರ ಒಮ್ಮೆ ನನ್ನ ಕೈಹಿಡಿದು “ಇವತ್ತ ಅಡ್ಡಿ ಇಲ್ರಿ” ಎಂದಿದ್ದರು, ಆ ಅವಮಾನದಿಂದ ಚೇತರಿಸಿಕೊಳ್ಳಲು ನನಗೆ ಬಹಳ ದಿನ ಹಿಡಿದಿತ್ತು. ಎಲ್ಲರಿಗೂ ಪರಸ್ಪರ ಅರ್ಥಮಾಡಿಕೊಳ್ಳುವುದನ್ನು ಬೋಧಿಸುವವನ ಪ್ರಸಂಗವೇ ಹೀಗೊಂದು ಪ್ರಸಂಗವಾಗಿತ್ತು. ನಾವು ದೇವರ ಭಾಷೆಯನ್ನು ತಿಳಿದವರೆಂದು ಹೊರಡುತ್ತೇವೆ, ಪಕ್ಕದ ಮನೆಯವರ ಕನ್ನಡ ಕಲಿಯುವುದು ಬಾಕಿ ಇರುತ್ತದೆ.

ಗೋಡೆ ಮತ್ತೆ ಎದ್ದಿತು, ಗೂಡೂ ಬಂತು. ಕಟ್ಟೆಯ ಮೇಲೆ ಮತ್ತೆ ಫರಸಿ ಕೂರಿಸುವಾಗ ಮೌಲಾಸಾಬರು ಏನೂ ಕೇಳಲಿಲ್ಲ. ಲಗ್ನದ ವಿಚಾರ ಫಾದರುಗಳ ತಲೆಗೆ ಹೀಗೆಯೇ ಏರುತ್ತದೆ ಎಂಬ ತೀರ್ಮಾನಕ್ಕೆ ಅವರು ಬಂದಿದ್ದರೆಂದು ತೋರುತ್ತದೆ. ಒಂದು ಮಾತು ಮಾತ್ರ ಬೇವಿನ ಮರದ ಕೆಳಗೆ ನನ್ನ ಬಾಯಿಂದ ಹೊರಡಲಿಲ್ಲ. ಮನೆಯ ಬಗ್ಗೆ ಎಲ್ಲ ಕೇಳಿದೆ, ನನ್ನ ಬಗ್ಗೆ ಕೇಳಲಿಲ್ಲ. ಅಂದು ಒಳಗಿನಿಂದ ಬಂದಿದ್ದು ದೊಡ್ಡ ಮಾತೇ ಎಂದು ಈಗ ತಿಳಿದಿತ್ತು. ಆದರೆ ಅಷ್ಟೆಲ್ಲ ಒಡೆದು ಹಾಕಿದ ಮನುಷ್ಯನ ಮೇಲೆ ಆ ಮೆಚ್ಚುಗೆ ಇನ್ನೂ ಉಳಿದಿದೆಯೇ ಎಂದು ಕೇಳುವ ಧೈರ್ಯ ಬರಲಿಲ್ಲ.

ಚಿಂಚೋಳಿಯ ಚಿಕ್ಕ ದೇವಾಲಯದಲ್ಲಿ ನಿಶ್ಚಿತಾರ್ಥ. ಹಿರಿಯ ಪಾಸ್ಟರು ಕನ್ನಡಕ ಏರಿಸಿಕೊಂಡು ಮೊದಲು ನನ್ನನ್ನು ಕೇಳಿದರು. ನಾನು ಅಗತ್ಯಕ್ಕಿಂತ ಉದ್ದವಾದ ಉತ್ತರ ಕೊಟ್ಟೆ. ಆಮೇಲೆ ಸುಜಾತಾ ಕಡೆ ತಿರುಗಿ, “ಈ ಸಹೋದರನನ್ನು ಮನಃಪೂರ್ವಕವಾಗಿ ಒಪ್ಪುತ್ತೀಯೇನಮ್ಮಾ?” ಎಂದರು. ಅವರು ಸುಮ್ಮನಿದ್ದರು. ಸುಮ್ಮನಿರುವುದರ ಅರ್ಥ ಆ ಸಭೆಯಲ್ಲಿ ಹೊಸದಾಗಿ ಕಲಿತವನು ನಾನೊಬ್ಬನೇ, ತಡೆಯಲಾರದೆ ಅರ್ಧ ಹೆಜ್ಜೆ ಅವರ ಕಡೆ ಸರಿದೆ. ಆಗ ಅವರು ತಲೆ ಎತ್ತದೆ, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದರು: “ಗಾಬರಿ ಆಗಬ್ಯಾಡ್ರಿ. ಇದು ನಾಚಿಕಿ.” ಆಮೇಲೆ ಮುಖ ಎತ್ತಿ, ಇಡೀ ದೇವಾಲಯಕ್ಕೆ ಕೇಳುವಂತೆ, “ಭಾಳ ಅಡ್ಡಿ ಇಲ್ರಿ” ಎಂದರು.

ಹೆಂಗಸರ ಸಾಲಿನಲ್ಲಿ ಶಾಂತಮ್ಮ ಕಣ್ಣೊರೆಸಿಕೊಂಡರು. ನನಗೂ ತಡೆಯಲಾಗಲಿಲ್ಲ, ನಿಂತಲ್ಲೇ ಕಣ್ಣೀರು ಇಳಿಯಿತು. ಹಿರಿಯ ಪಾಸ್ಟರು ಇನ್ನೂ ಏನಾದರೂ ಬರಬಹುದೆಂದು ಸ್ವಲ್ಪ ಹೊತ್ತು ಕಾದರು, ಏನೂ ಬರದಿದ್ದಾಗ ನನ್ನ ಒದ್ದೆ ಮುಖ ನೋಡಿ ಮರುಗಿ ಹತ್ತಿರ ಬಂದರು. ಬೆನ್ನ ಮೇಲೆ ಕೈಯಿಟ್ಟು, “ಅಳಬೇಡ ಕಣಪ್ಪ. ಮದುವೆಯಾದ ಮೇಲೆ ಪ್ರೀತಿ ತಾನಾಗಿ ಬರುತ್ತೆ” ಎಂದು ಕಿವಿಯಲ್ಲಿ ಹೇಳಿದರು. ನಾನು ಹೂಂ ಎಂದು ತಲೆಯಾಡಿಸಿದೆ.