ಸತ್ತ ಮುಳ್ಳುಹಂದಿಯ ತಿರುಗೇಟು

ನಿಯಮ ಓದದೆ ವಾದಕ್ಕಿಳಿಯುವುದು ನನ್ನ ಹಳೆಯ ಚಾಳಿ. ಓದಿಕೊಂಡವರು ಅನುಮಾನದಿಂದ ಮಾತಾಡುತ್ತಾರೆ; ನನ್ನಂಥವರಿಗೆ ಆ ತೊಂದರೆಯಿಲ್ಲ.

ಸರಸ್ವತಿಪುರಂನ ನಮ್ಮ ಮನೆಯಲ್ಲಿ ಭಾನುವಾರ ಊಟವಾದ ಮೇಲೆ ನಾನೂ ಒಂಬತ್ತನೇ ಕ್ಲಾಸಿನ ಮಗಳು ಚೈತ್ರಾಳೂ ಕಾರ್ಡಿನ ಆಟಕ್ಕೆ ಕೂರುತ್ತೇವೆ. ಇಸ್ಪೀಟಲ್ಲ. ಅಂಗಡಿಯಲ್ಲಿ ಪೊಟ್ಟಣ ಕೊಂಡು, ಗೆಳತಿಯರ ಜೊತೆ ಅದಲು ಬದಲು ಮಾಡಿಕೊಂಡು ಕೂಡಿಸುವ ಕಾರ್ಡುಗಳು. ಹೆಚ್ಚಿನವುಗಳಲ್ಲಿ ಒಂದೊಂದು ಪ್ರಾಣಿ, ಅದರ ಬಲ, ಆಯಸ್ಸು, ಕೆಳಗೆ ಕನ್ನಡಕಕ್ಕೂ ಕಾಣದ ಅಕ್ಷರದಲ್ಲಿ ಅದರ ವಿಶೇಷ ಶಕ್ತಿ; ಇನ್ನು ಕೆಲವು ಪೆಟ್ಟು ತಡೆಯುವ ಗುರಾಣಿಗಳು. ವಾರವಿಡೀ ಟ್ಯೂಷನ್ನು, ಮೊಬೈಲು ಎಂದು ಕೈಗೆ ಸಿಗದ ಹುಡುಗಿ ನನ್ನೆದುರು ಒಂದು ಗಂಟೆ ಕೂರುವುದು ಇದಕ್ಕೆ ಮಾತ್ರ.

ಜಗಳ ತಂದಿದ್ದು ಅವಳ ಮುಳ್ಳುಹಂದಿ. ಅದಕ್ಕೆ ಪೆಟ್ಟು ಬಿದ್ದಾಗ ಹೊಡೆದ ಆಟಗಾರನಿಗೆ ಎರಡು ಪೆಟ್ಟು. ಅದರ ಆಯಸ್ಸು ಮೂರು, ನನ್ನ ಹುಲಿಯ ಏಟು ನಾಲ್ಕು. ಹಂದಿ ಸತ್ತಿತು. ನನಗೆ ಉಳಿದಿದ್ದ ಆಯಸ್ಸು ಎರಡೇ.

"ಎರಡು ಪೆಟ್ಟು ತಗೋ ಅಪ್ಪ. ಸೋತೆ ನೀನು."

"ಸತ್ತಿರೋದು ಹೆಂಗಮ್ಮ ಹೊಡೆಯುತ್ತೆ?"

"ಸಾಯೋಕ್ ಮುಂಚೆ ಪೆಟ್ಟು ಬಿತ್ತು ತಾನೆ?"

ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಮಾಲು ಪರೀಕ್ಷೆ ಮಾಡಿಯೇ ನನ್ನ ತಲೆ ನೆರೆತಿದೆ. ಅಲ್ಲಿ ಕೆಟ್ಟದ್ದೆಂದು ಕೆಂಪು ಚೀಟಿ ಅಂಟಿದ ಪೀಸು ಮುಂದಿನ ಮೆಷಿನ್ನಿಗೆ ಹೋಗುವಂತಿಲ್ಲ. ಅದೇ ನ್ಯಾಯವನ್ನು ಮುಳ್ಳುಹಂದಿಗೂ ಅಂಟಿಸಿದೆ. ಪುರಾಣದ ಋಷಿಗಳು ಬಾಣ ತಗುಲಿ ಬಿದ್ದ ಮೇಲೂ ಶಾಪ ಕೊಟ್ಟೇ ಪ್ರಾಣ ಬಿಡುತ್ತಿದ್ದರೆಂಬುದು ಆಗ ನೆನಪಾಗಲಿಲ್ಲ. ನೆನಪಾಗಿ ಬಾಯಿಂದ ಬಂದೇಬಿಟ್ಟದ್ದು ಬೇರೆ ಮಾತು: "ಸೋಲೋ ಯೋಗ್ಯತೆ ಇಲ್ದೋರು ಮೋಸ ಮಾಡಿ ಗೆಲ್ತಾರೆ."

ಅವಳು ಆಟ ತಯಾರಿಸಿದವರೇ ಕೊಟ್ಟ ವಿವರಣೆಯನ್ನು ಮೊಬೈಲಿನಲ್ಲಿ ತೆಗೆದು ಮುಂದಿಟ್ಟಳು. ಒಂದೇ ಒಂದು ಪೆಟ್ಟು ತಾಗಿದರೂ ಶಕ್ತಿ ಏಳುತ್ತದೆ. ಕಾರ್ಡು ಸತ್ತರೂ ಅದು ತನ್ನ ಕೆಲಸ ಮುಗಿಸಿಯೇ ತೀರುತ್ತದೆ. ಗುರಾಣಿ ಅಷ್ಟೂ ಪೆಟ್ಟನ್ನು ತಡೆದರೆ ಮಾತ್ರ ಏಳುವುದಿಲ್ಲ. ಎಷ್ಟು ಖಚಿತ ನೋಡಿ! ಮನುಷ್ಯರಿಗೂ ಯಾರಾದರೂ ಇಂಥದ್ದೊಂದು ಬರೆದುಕೊಡಬಾರದಿತ್ತೆ? ನಮ್ಮ ಮದುವೆಯಾದ ಹೊಸದರಲ್ಲಿ ನನ್ನಕ್ಕ, ನನ್ನ ಹೆಂಡತಿ ಮಾಡಿದ ಸಾರು ರುಚಿಯಿಲ್ಲವೆಂದು ಹೆಸರಿಟ್ಟಿದ್ದಳು. ಆ ಪೆಟ್ಟಿನ ಶಕ್ತಿ ಎದ್ದದ್ದು ಹನ್ನೆರಡು ವರ್ಷದ ಮೇಲೆ, ಅಕ್ಕನ ಮನೆಯ ಗೃಹಪ್ರವೇಶದ ಪಂಕ್ತಿಯಲ್ಲಿ, ನನ್ನ ಹೆಂಡತಿಯ ಬಾಯಲ್ಲಿ.

ಮುಂದಿನ ಭಾನುವಾರ ಕಾರ್ಡು ಜೋಡಿಸಿಕೊಂಡು ಕೂತೆ. ಚೈತ್ರಾ ಬರಲಿಲ್ಲ, ಓದೋದಿದೆಯಂತೆ. ಅದರ ಮುಂದಿನ ವಾರವೂ ಓದೋದಿತ್ತು. ಆ ಒಂದು ಗಂಟೆ ಇಲ್ಲದೆ ಮನೆ ಬಿಕೋ ಎನ್ನುತ್ತಿತ್ತು. ನನಗೆ ಭಯವೇ ಆಯಿತು.

"ಮೋಸ ಅಂದ್ಬುಟ್ರಲ್ಲ, ಅದು ತಾಗಿದೆ ಕಣ್ರೀ ಅವಳಿಗೆ," ಎಂದಳು ಹೆಂಡತಿ.

"ಅವತ್ತೇ ಹೇಳಬೋದಿತ್ತಲ್ಲ?"

"ಹೇಳೋಕೆ ನೀವೆಲ್ಲಿ ಬಿಡ್ತೀರಾ?"

ನಾನೇ ಮಗಳ ಕೋಣೆಗೆ ಹೋದೆ. "ತಪ್ಪು ನಂದೇ ಕಣಮ್ಮ, ಹಂಗನ್ನಬಾರದಿತ್ತು," ಎಂದೆ. ಅವಳು ಪುಸ್ತಕದಿಂದ ತಲೆಯೆತ್ತದೆ, "ಒಂದೇ ಆಟ," ಎಂದಳು.

ಪ್ರಾಯಶ್ಚಿತ್ತ ಪೂರ್ತಿಯಾಗಲೆಂದು ಅವಳ ಕೊನೆಯ ಏಟಿಗೆ ಗುರಾಣಿ ಹಿಡಿಯದೆ ಸೋತುಬಿಟ್ಟೆ. ಆದರೆ ಆಟ ಮುಗಿದಾಗ ಕೈಲಿರುವ ಕಾರ್ಡು ತೋರಿಸುವುದು ನಮ್ಮ ಪದ್ಧತಿ. ಗುರಾಣಿ ಕಂಡದ್ದೇ ಅವಳ ಮುಖ ಕೆಂಪಾಯಿತು.

"ಬೇಕಂತ ಸೋತ್ಯಾ? ನಾನೇನು ಎಳೇ ಮಗುನಾ? ಕೂತ್ಕೋ, ಇನ್ನೊಂದಾಟ. ಸರಿಯಾಗ್ ಆಡು!"

ಸರಿಯಾಗಿಯೇ ಆಡಿದೆ. ಇದ್ದ ಗುರಾಣಿಗಳನ್ನೆಲ್ಲ ಹಿಡಿದೆ, ಸಣ್ಣ ಅಕ್ಷರವನ್ನೆಲ್ಲ ಓದಿದೆ, ಅವಳ ಮೇಲೆ ಒಂದಿಷ್ಟೂ ಕರುಣೆ ತೋರಿಸಲಿಲ್ಲ. ಆದರೂ ಸೋತೆ. ಕಾರ್ಡುಗಳನ್ನು ಮೇಜಿನ ಮೇಲೆ ಕುಕ್ಕಿ ಮುಖ ಊದಿಸಿಕೊಂಡು ಕೂತೆ. ಅದನ್ನು ನೋಡಿದ ಮೇಲೆಯೇ ನನ್ನ ಮಗಳು ನಕ್ಕಿದ್ದು.