ಪಕ್ಕದ ಮನೆಯ ಪ್ರಾಚಿ
ಈ ಪರದೇಶದ ಊರು ಪಾಪಟೋಟೊಯಿಯಲ್ಲಿ ನಮ್ಮ ಪಕ್ಕದ ಮನೆಯ ಪ್ರಾಚಿ ಧಾರವಾಡದವಳು. ಮದುವೆಯಾಗದೆ ತಾಯಿಯಾದವಳು, ಅದನ್ನು ಯಾರಿಂದಲೂ ಮುಚ್ಚಿಟ್ಟವಳಲ್ಲ. ಬೆಳಿಗ್ಗೆ ಏಳಕ್ಕೆ ಅವಳ ಬಾಗಿಲು ತೆರೆಯುವುದನ್ನು ನೋಡಿ ಬೀದಿಯವರೆಲ್ಲ ಗಡಿಯಾರ ಸರಿಮಾಡಿಕೊಳ್ಳಬಹುದು. ಒಂದು ಕಂಕುಳಲ್ಲಿ ನಾಲ್ಕು ವರ್ಷದ ಮಗಳು ಶಾಲ್ಮಲಾ, ಇನ್ನೊಂದರಲ್ಲಿ ಚೀಲ, ಹಲ್ಲಿನಲ್ಲಿ ಕಚ್ಚಿಕೊಂಡ ಮಗುವಿನ ಟೋಪಿ. ಮಗಳನ್ನು ಡೇಕೇರಿಗೆ ಬಿಟ್ಟು, ವಿಮಾನಗಳಿಗೆ ಊಟ ಕಟ್ಟುವ ಕೆಲಸಕ್ಕೆ ಓಡುತ್ತಾಳೆ. ಯಾರಾದರೂ ಕೈಜೋಡಿಸಲು ಬಂದರೆ, "ಆಗ್ತದ್ರೀ, ಯಾಕಾಗೂದಿಲ್ಲ?" ಎನ್ನುತ್ತಾಳೆ. ಸೋಫಾವನ್ನು ಒಬ್ಬಳೇ ಮಹಡಿಗೆ ಹತ್ತಿಸುವಾಗಲೂ ಅದನ್ನೇ ಅಂದಳು. ಕನ್ನಡ ಕೂಟದಲ್ಲಿ ಆಂಟಿಯೊಬ್ಬರು, "ನಿಮ್ಮ ಯಜಮಾನ್ರು ಬರ್ಲಿಲ್ವಾ?" ಎಂದು ಕೇಳಿದಾಗ, "ನನಗ ಮದುವಿ ಆಗಿಲ್ರೀ. ಇನ್ನೊಂಚೂರು ಚಿತ್ರಾನ್ನ ಹಾಕ್ರಿ" ಎಂದು ತಟ್ಟೆ ಚಾಚಿದಳು. ಅವಳ ತಾಯಿ ಬಸಲಿಂಗವ್ವ ಊರಿಂದ ಆಗಾಗ ಫೋನ್ ಮಾಡುತ್ತಿದ್ದರೂ ಈ ನಾಲ್ಕು ವರ್ಷ ಮೊಮ್ಮಗಳ ಮಾತನ್ನೇ ಎತ್ತಿರಲಿಲ್ಲ. ಕಳೆದ ಭಾನುವಾರ ಮಧ್ಯಾಹ್ನ ನಮ್ಮ ಹಿತ್ತಲಲ್ಲಿ ಚಹಾ ಕುಡಿಯುತ್ತಿದ್ದಾಗ ಅವರ ಫೋನ್ ಬಂತು. ಪ್ರಾಚಿ ಸ್ಪೀಕರ್ ಹಾಕಿದಳು. "ನಿನ್ನ ಗಂಡ ತೀರಿಕೊಂಡಾನಂತ ಇಲ್ಲಿ ಮಂದಿಗೆ ಹೇಳೀನಿ. ನೀನೂ ಹಂಗ ಹೇಳು" ಎಂದರು ಬಸಲಿಂಗವ್ವ. ಪ್ರಾಚಿ ಚಹಾದ ಲೋಟ ಕೆಳಗಿಟ್ಟಳು. "ಇಲ್ಲ ಯವ್ವ. ಸಾಯದ ಅಪ್ಪನ ಸಲುವಾಗಿ ನನ್ನ ಮಗಳು ಅಳೂದು ಬ್ಯಾಡ." ಆ ಕಡೆ ಬಾಗಿಲು ಹಾಕಿಕೊಂಡ ಸದ್ದಾಯಿತು. ಆಮೇಲೆ ಬಸಲಿಂಗವ್ವ, "ಕೂಸಿನ ಕೈಯಾಗ ಫೋನ್ ಕೊಡು" ಎಂದರು. ಯಾರ ಮುಂದೆಯೂ ತಡವರಿಸದ ಪ್ರಾಚಿಗೆ ಹಿತ್ತಲ ಮೂಲೆಯಲ್ಲಿ ಆಡುತ್ತಿದ್ದ ಮಗಳನ್ನು ಕರೆಯಲು ಬಾಯೇ ಬರಲಿಲ್ಲ. "ಶಾಲ್ಮಲಾ, ಬಾಮ್ಮ, ನಿಮ್ಮಜ್ಜಿ ಮಾತಾಡ್ತಾರಂತೆ" ಎಂದು ನಾನೇ ಕೂಗಿದೆ.