ತಿಮ್ಮವ್ವ ಕಟ್ಟಿದ ಹೊಟ್ಟೆ

ಹೊಟ್ಟೆ ರೇವತಿದು, ಬೈಗುಳ ನಮ್ಮವ್ವಗೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಂತೆ, ಹಂಗಾತು ನಮ್ಮ ಮನೆ ಕಥೆ. ರೇವತಿ ಅಂದ್ರೆ ನನ್ನ ತಂಗಿ, ಹರಿಹರಕ್ಕೆ ಕೊಟ್ಟೀವಿ. ಹೆತ್ತು ಒಂಬತ್ತು ಹತ್ತು ತಿಂಗಳಾದ್ರೂ ಅವಳ ಹೊಟ್ಟೆ ಒಳಗೆ ಹೋಗಲಿಲ್ಲ, ಆಗಿದ್ದು ಇಷ್ಟೇ ನೋಡ್ರಿ. ಬ್ಯಾರೆ ಕಡೆ ಹೆಂಗೋ ಏನೋ, ನಮ್ಮ ಕಡೆ ಬಾಣಂತಿ ಹೊಟ್ಟೆ ಜೋತು ಬಿದ್ರೆ ಬಾಣಂತಿನ ಯಾರೂ ಏನೂ ಅನ್ನಲ್ಲ. ಬಾಣಂತನ ಮಾಡಿದೋರು ಯಾರು ಅಂತ ಕೇಳ್ತಾರೆ.

ಮಾಡಿದಾಕೆ ನಮ್ಮವ್ವ, ತಿಮ್ಮವ್ವ. ದಾವಣಗೆರೆಯ ನಮ್ಮ ಆನೆಕೊಂಡದಾಗೆ ಕೇಳಿ ನೋಡ್ರಿ, ಹೊಟ್ಟೆ ಕಟ್ಟೋದಂದ್ರೆ ನಮ್ಮವ್ವನ ಹೆಸರೇ ಹೇಳ್ತಾರೆ. ಅಪ್ಪ ಹೋದ ಮ್ಯಾಲೆ ಹದಡಿ ಕಡೆ ಹೊಲದ ಕೂಲಿ ಮಾಡಿ ನಮ್ಮಿಬ್ಬರನ್ನೂ ಸಾಕಿದಾಕೆ. ಆದ್ರೆ ಓಣಿಯಾಗೆ ಯಾರು ಹೆತ್ತರೂ ಅವ್ವಗೆ ಕರೆ ಬರ್ತಿತ್ತು. ಬಾಣಂತಿಗೆ ಎಣ್ಣೆ ತಿಕ್ಕಿ, ಸುಡೋ ನೀರು ಹಾಕಿ, ಲೋಬಾನದ ಹೊಗೆ ಕೊಟ್ಟು, ಚಾಪೆ ಮ್ಯಾಲೆ ಮಲಗಿಸಿ, ಹಳೇ ಕಾಟನ್ ಸೀರೆನ ಉದ್ದಕ್ಕೆ ಮಡಚಿ ಸೊಂಟಕ್ಕೆ ಸುತ್ತಿ ಸುತ್ತಿ ಬಿಗಿಯೋಳು. ಹೊಸ ಸೀರೆ ಆಗಂಗಿಲ್ಲ, ಜಾರ್ತೈತೆ. ಒಗೆದು ಒಗೆದು ಮೆತ್ತಗಾಗಿದ್ದೇ ಬೇಕು. ಮೊಣಕಾಲು ಊರಿ, ಹಲ್ಲು ಕಚ್ಚಿ ಎಳೆಯೋಳು. ದುಡ್ಡು ಮುಟ್ತಿರ್ಲಿಲ್ಲ. ಎಲೆ ಅಡಕೆ ಕೊಟ್ರೆ ಇಸ್ಕೊಳ್ಳೋಳು, ಹಬ್ಬಕ್ಕೆ ಯಾರಾದ್ರೂ ಕುಪ್ಪಸದ ಖಣ ಕೊಟ್ರೆ ಅದನ್ನ ನಾಕು ಮನೆಗೆ ತೋರಿಸಿ ಬರೋಳು. ತಿಮ್ಮವ್ವ ಕಟ್ಟಿದ ಹೊಟ್ಟೆ ಮುಂದಕ್ಕೆ ಬರಲ್ಲ ಅನ್ನೋರು ಜನ. ಓದು ಬರಹ ಇಲ್ಲ, ಹೊಲ ಮನೆ ಇಲ್ಲ. ಅವ್ವಗೆ ಇದ್ದ ಮರ್ಯಾದೆ ಅದೊಂದೇ.

ನನ್ನ ಎರಡೂ ಬಾಣಂತನ ಅವ್ವನೇ ಮಾಡಿದ್ದು. ನನ್ನ ಹೊಟ್ಟೆ ಎಷ್ಟು ಬೇಗ ಒಳಗೆ ಹೋಯ್ತಂದ್ರೆ, ನಾನು ಕೆಲಸ ಮಾಡೋ ಮಂಡಿಪೇಟೆ ಬಟ್ಟೆ ಅಂಗಡಿಯಾಗೆ ಗಿರಾಕಿಗಳು ಮಕ್ಕಳಾಗ್ಯಾವೇನಮ್ಮ ಅಂತ ಕೇಳೋರು. ರೇವತಿ ನನಗಿಂತ ಗಟ್ಟಿಮುಟ್ಟು. ಹೈಸ್ಕೂಲಿನಾಗೆ ಖೋ ಖೋ ಆಡ್ತಿದ್ಲು, ಅವಳನ್ನ ಮುಟ್ಟಬೇಕಂದ್ರೆ ಎದುರಾಳಿ ಹುಡುಗೇರಿಗೆ ನಾಲಿಗೆ ಹೊರಗೆ ಬರ್ತಿತ್ತು. ಅಂಥಾಕೆಗೆ ಕೂಸು ದೊಡ್ಡದಿತ್ತು. ಹೆರೋವಾಗ ಭಾಳ ತ್ರಾಸಾತು. ಅವ್ವ ಮೂರು ತಿಂಗಳು ಒಂದಿನನೂ ತಪ್ಪಿಸದೆ ಕಟ್ಟಿದ್ಲು. ಕೂಲಿ ಬಿಟ್ಟು ಕಟ್ಟಿದ್ಲು. ಆದ್ರೂ ರೇವತಿ ಹರಿಹರಕ್ಕೆ ಹೋಗೋವಾಗ ಹೊಟ್ಟೆ ಹಂಗೇ ಇತ್ತು, ನಡುವೆ ಗುಂಡಗೆ, ಕೂತು ಎದ್ರೆ ದಿಣ್ಣೆ ಹಂಗೆ ಮ್ಯಾಲೆ ಬರೋದು.

ಅವಳ ಅತ್ತಿ ಶಾಂತಕುಮಾರಿ. ಕೆಟ್ಟಾಕೆ ಅನ್ನಂಗಿಲ್ಲ. ಕೂಸಿನ ಬಟ್ಟೆ ತಾನೇ ಒಗಿತಾಳೆ, ರೇವತಿಗೆ ಜ್ವರ ಬಂದ್ರೆ ಗಂಜಿ ಕಾಸ್ತಾಳೆ. ಆದ್ರೆ ಆಯಮ್ಮನ ಬಾಯಿಗೆ ಬಾಗಿಲೇ ಇಲ್ಲ. ನಲ್ಲಿ ಹತ್ರ ಹೇಳಿದ್ಲು, ಹಾಲಿನೋರ ಹತ್ರ ಹೇಳಿದ್ಲು, ಎದುರು ಮನೆ ಬಾಡಿಗೆದಾರರ ಹತ್ರನೂ ಹೇಳಿದ್ಲು: ತವರಿನಾಗೆ ಹೊಟ್ಟೆ ಸರಿಯಾಗಿ ಕಟ್ಟಿಲ್ಲ, ಹೆಸರು ಮಾತ್ರ ಊರಗಲ. ಒಂದು ಮದುವೆ ಊಟದ ಪಂಕ್ತಿಯಾಗೆ ಅವ್ವ ಪಕ್ಕದಾಗೇ ಕೂತಿರೋವಾಗ, ಊರ ಹೆಂಗಸರಿಗೆಲ್ಲ ಕಟ್ಟೋ ಕೈ ಮಗಳಿಗೆ ಯಾಕ ಸಡ್ಲಾತೋ ಅಂದ್ಲಂತೆ. ಅವ್ವ ಅರ್ಧ ಉಂಡು ಎದ್ದು ಬಂದ್ಲು. ಆಮೇಲೆ ಹರಿಹರದ ಕಡೆ ತಲೆ ಹಾಕಲಿಲ್ಲ. ಮೊಮ್ಮಗನ್ನ ನೋಡಬೇಕು ಅನ್ನಿಸಿದ್ರೆ ನನ್ನ ಫೋನಿನಾಗೆ ನೋಡೋಳು.

ರೇವತಿಗೆ ಅವತ್ತಿಂದ ಹುಚ್ಚು ಹಿಡೀತು. ಹೊಟ್ಟೆ ಕರಗಿಸಬೇಕು, ಅವ್ವನ ಮರ್ಯಾದೆ ಉಳಿಸಬೇಕು, ಅಷ್ಟೇ. ಅರ್ಧ ರೊಟ್ಟಿ ತಿಂದು ಎದ್ದೇಳೋಳು. ಬೆಳಗ್ಗೆ ಜೀರಿಗೆ ನೀರು, ಸಂಜೆ ಹುರುಳಿ ಕಟ್ಟು. ಹಾಲು ಕಮ್ಮಿಯಾಗಿ ಕೂಸು ರಂಪ ಮಾಡಿದಾಗ ಅದಕ್ಕೂ ಅತ್ತಿ ಅವ್ವನ್ನೇ ಅಂದ್ಲು. ಫೋನಿನಾಗೆ ಯಾವಳೋ ಒಬ್ಬಳು ಬಿಗಿ ಪ್ಯಾಂಟು ಹಾಕ್ಕೊಂಡು ಇಪ್ಪತ್ತೊಂದು ದಿನದಾಗೆ ಹೊಟ್ಟೆ ಚಪ್ಪಟೆ ಅಂತಾಳೆ, ಅದನ್ನ ನೋಡಿ ಮಾಳಿಗೆ ಮ್ಯಾಲೆ ಮಲಗಿ ಏಳೋದು, ಮಲಗಿ ಏಳೋದು. ಆ ಹುಡುಗಿ ಹೊಟ್ಟೆ ನೋಡಿದ್ರೆ ಕೂಸಿರ್ಲಿ, ಎರಡು ಇಡ್ಲಿ ಹೋದ ಗುರುತೂ ಇಲ್ಲ. ನಮ್ಮ ಅಂಗಡಿಯಿಂದ ಹೊಟ್ಟೆಗೆ ಬಿಗಿಯೋ ಒಂದು ಬೆಲ್ಟು ನಾನೇ ತಂದುಕೊಟ್ಟೆ. ಅದನ್ನ ಹಗಲೂ ರಾತ್ರಿ ಬಿಗಿದು ಬಿಗಿದು ಮೈಯೆಲ್ಲ ಬೊಬ್ಬೆ ಎದ್ದು, ಬೇಸಿಗೆಯಾಗೆ ಸೀರೆ ಉಡೋಕೂ ಆಗದಂಗಾತು. ಗಂಡ ಅಂಜನಕುಮಾರ ಫ್ಯಾಕ್ಟರಿ ಕೆಲಸದೋನು, ಪಾಪದ ಮನುಷ್ಯ. ನಂಗೇನೂ ಬ್ಯಾಸರ ಇಲ್ಲ ಬಿಡು ಅಂದು ಮಗ್ಗುಲಾದ. ಅವನಿಗೆ ಬ್ಯಾಸರ ಐತೋ ಇಲ್ವೋ ಅಂತ ಕೇಳಿದೋರು ಯಾರು? ನಿಮ್ಮಮ್ಮಗೆ ಒಂದು ಮಾತು ಹೇಳು ಅಂದ್ರೆ ಮಾತ್ರ ಬಾಯಾಗೆ ನೀರು ತುಂಬಿಕೊಂಡಂಗೆ ಕೂರ್ತಾನೆ.

ನನಗೆ ಹೊಟ್ಟೆ ಉರಿದಿದ್ದು ಯಾವಾಗ ಅಂದ್ರೆ, ರೇವತಿ ಆನೆಕೊಂಡಕ್ಕೆ ಬಂದು ಅವ್ವನ ಮುಂದೆ ಚಾಪೆ ಹಾಸಿ ಮಲಗಿದಾಗ. ಇನ್ನೊಂದ್ಸಲ ಕಟ್ಟವ್ವ ಅಂದ್ಲು. ಅವ್ವಗೂ ಅದೇ ಬೇಕಾಗಿತ್ತು. ಸೀರೆ ತಂದು, ಮೊಣಕಾಲು ಊರಿ, ಹಿಂದೆ ಯಾರಿಗೂ ಕಟ್ಟದಷ್ಟು ಬಿಗಿದ್ಲು. ರೇವತಿ ಮುಖ ಕೆಂಪಾತು, ಉಸಿರು ಅರ್ಧಕ್ಕೇ ನಿಂತಂಗಾತು. ಬಿಡವ್ವ ಸಾಕು ಅಂದ್ರೆ ತಾಯಿ ಮಗಳು ಇಬ್ಬರೂ ನನ್ನನ್ನೇ ಗದರಿದ್ರು. ವಾರ ಹಂಗೇ ಇದ್ಲು. ಆಮೇಲೆ ಕೆಮ್ಮಿದ್ರೆ, ಸೀನಿದ್ರೆ ಒಳಗಿನ ಬಟ್ಟೆ ಒದ್ದೆ ಆಗೋಕೆ ಹತ್ತಿತು. ನನಗೊಬ್ಬಳಿಗೇ ಹೇಳಿದ್ಲು, ತಲೆ ತಗ್ಗಿಸಿಕೊಂಡು. ನಾನು ಯಾರ ಮಾತೂ ಕೇಳದೆ ದಾವಣಗೆರೆಯಾಗೇ ಒಬ್ಬ ಹೆಣ್ಣು ಡಾಕ್ಟರ್ ಹತ್ರ ಎಳಕೊಂಡು ಹೋದೆ.

ಡಾಕ್ಟರಮ್ಮ ಮಲಗಿಸಿ, ತಲೆ ಸ್ವಲ್ಪ ಎತ್ತಮ್ಮ ಅಂದು, ಹೊಟ್ಟೆ ನಡುವೆ ಬೆರಳು ಇಟ್ಟರು. ನನ್ನ ಕೈನೂ ಹಿಡಿದು ಇಡಿಸಿದ್ರು. ಹೊಕ್ಕಳ ಮ್ಯಾಲೆ ಬೆರಳು ಒಳಗೇ ಹೋಗ್ತಾವೆ. ಬಸುರಿನಾಗೆ ಹೊಟ್ಟೆ ಮುಂದಿನ ಎರಡು ಪಟ್ಟಿ ಮಾಂಸ ಆ ಕಡೆ ಈ ಕಡೆ ಸರಿದು ನಿಂತುಬಿಟ್ಟಾವೆ, ಕೂಸು ದೊಡ್ಡದಿದ್ರೆ ಹಿಂಗೆ ಆಗ್ತದೆ ಅಂದ್ರು. ಕೆಲವರಿಗೆ ತಾನಾಗೇ ಕೂಡ್ತದೆ, ಕೆಲವರಿಗೆ ಕೂಡಲ್ಲ. ಬಿಗಿಯಾಗಿ ಕಟ್ಟಿದ್ರೆ ಒತ್ತಡ ಕೆಳಗೆ ಬೀಳ್ತದೆ, ಮಲಗಿ ಏಳೋದಂತೂ ಬ್ಯಾಡವೇ ಬ್ಯಾಡ. ಉಸಿರು ಬಿಡುತ್ತಾ ಹೊಟ್ಟೆ ಮೆಲ್ಲಗೆ ಒಳಗೆ ಎಳಕೊಳ್ಳೋ ವ್ಯಾಯಾಮ ತೋರಿಸಿ, ತಿಂಗಳುಗಟ್ಟಲೆ ಬೇಕು, ಪೂರ್ತಿ ಮೊದಲಿನಂಗೆ ಆಗದೇ ಇರಬಹುದು ಅಂದ್ರು. ರೇವತಿ ಅದನ್ನೆಲ್ಲ ಕೇಳಿಸಿಕೊಂಡ್ಲೋ ಇಲ್ವೋ. ಒಂದೇ ಪ್ರಶ್ನೆ ಕೇಳಿದ್ಲು, ನಮ್ಮವ್ವ ಸರಿಯಾಗಿ ಕಟ್ಟಿದ್ರೆ ಹಿಂಗಾಗ್ತಿರ್ಲಿಲ್ವಾ ಅಂತ.

"ಯಾರು ಹೆಂಗೆ ಕಟ್ಟಿದ್ರೂ ಇದು ಹಿಂಗೇ ಆಗ್ತಿತ್ತಮ್ಮ," ಅಂದ್ರು ಡಾಕ್ಟರು. "ಹೊಟ್ಟೆ ಒಳಗೆ ಹೋಗೋದು ಸೀರೆಯಿಂದ ಅಲ್ಲ."

ಆಸ್ಪತ್ರೆ ಮೆಟ್ಟಿಲು ಇಳಿಯೋವಾಗ ರೇವತಿ ನಗ್ತಿದ್ಲು. ಪರೀಕ್ಷೆ ಪಾಸಾದ ಹುಡುಗಿ ಹಂಗೆ. ಹೊಟ್ಟೆ ಪೂರ್ತಿ ಸರಿ ಹೋಗಲಿಕ್ಕಿಲ್ಲ ಅಂತ ಹೇಳಿ ಕಳಿಸಿದ್ರೂ ನಗ್ತಾಳಲ್ಲಪ್ಪ ಇವಳು ಅನ್ನಿಸಿತು. ಅವ್ವನ ತಪ್ಪಲ್ಲ ಅಕ್ಕ, ಅವ್ವನ ತಪ್ಪೇ ಅಲ್ಲ ಅಂತ ಆಟೋ ತುಂಬ ಅದೇ ಮಾತು. ಮುಂದಿನ ವಾರ ಹರಿಹರದಾಗೆ ಕೂಸಿನ ಜವಳ ಇತ್ತು, ತಲೆಗೂದಲು ತೆಗೆಸೋದು. ಅವ್ವ ಬರಲ್ಲ ಅಂತ ಮೊದಲೇ ಹಟ ಹಿಡಿದಿದ್ಲು. ಈಗ ಬಂದೇ ಬರ್ತಾಳೆ, ಎಲ್ಲರ ಮುಂದೆ ನಾನು ಹೇಳೇ ಹೇಳ್ತೀನಿ ಅಂತ ರೇವತಿ.

ಅವ್ವ ಬಾಗಿಲಿನಾಗೆ ಕೂತು ತೊಗರಿಬೇಳೆ ಆರಿಸ್ತಿದ್ಲು. ರೇವತಿ ಎಲ್ಲಾ ಹೇಳಿದ್ಲು, ಡಾಕ್ಟರ್ ಮಾತಿಗೆ ನನ್ನ ಸಾಕ್ಷಿ ಹಾಕಿಸಿ ಹೇಳಿದ್ಲು. ಖುಷಿ ಆಗ್ತಾಳೆ ಅಂತ ನಾವು ಕಾದ್ವಿ. ಅವ್ವ ಮೊರ ಪಕ್ಕಕ್ಕಿಟ್ಲು. ಹಂಗಾದ್ರೆ ಈ ಸುಧಾನ ಹೊಟ್ಟೆ ಹೆಂಗೆ ಒಳಗೆ ಹೋತು ಅಂತ ನನ್ನ ಕಡೆ ನೋಡಿದ್ಲು. ಅದು ತಾನಾಗೇ ಹೋಗಿದ್ದಂತವ್ವ ಅಂದ್ಲು ರೇವತಿ, ಆ ಖುಷಿಯಾಗೇ. ಆ ತಿಪ್ಪಮ್ಮನ ಸೊಸೆದು, ಶಬ್ಬೀರನ ಹೆಂಡ್ತಿದು ಅಂತ ಅವ್ವ ತಾನು ಕಟ್ಟಿದೋರ ಒಂದೊಂದೇ ಹೆಸರು ಹೇಳ್ತಾ ಹೋದ್ಲು. ರೇವತಿ ಮುಖದ ನಗು ಆಗ ಇಳೀತು. ಜವಳಕ್ಕೆ ಬರ್ತೀಯಲ್ಲ ಅಂತ ಕೇಳಿದೆ. ಬರ್ತೀನಿ ಅಂತಂದು ಅವ್ವ ಮತ್ತೆ ಬೇಳೆ ಮೊರ ಎಳಕೊಂಡ್ಲು.

ಜವಳದ ದಿನ ಹೊಳೆ ದಂಡಿ ಮ್ಯಾಲೆ ಕೂದಲು ತೆಗೆಸಿ, ಹರಿಹರೇಶ್ವರನಿಗೆ ಕೈಮುಗಿದು ಮನೆಗೆ ಬಂದ್ವಿ. ಹೋಳಿಗೆ ಊಟ. ಹೆಂಗಸರೆಲ್ಲ ನಡುಮನೆಯಾಗೆ ಕೂತಿದ್ರು. ರೇವತಿ ಬಡಿಸೋಕೆ ಬಗ್ಗಿದಾಗ ಸೆರಗು ಸರಿದು ಹೊಟ್ಟೆ ಕಂಡಿತು. ಯಾರೋ ಮುದುಕಿ, ಮತ್ತೆ ಎಷ್ಟು ತಿಂಗಳವ್ವ ಅಂತ ಕೇಳಿಬಿಟ್ಲು. ಶಾಂತಕುಮಾರಿಗೆ ಅಷ್ಟೇ ಸಾಕಾತು. ಎಲ್ಲಿ ತಿಂಗಳು ಬಿಡ್ರಿ, ಇದು ಹಳೇದೇ, ಕಟ್ಟಿದೋರು ಇಲ್ಲೇ ಕೂತಾರೆ ಕೇಳ್ರಿ ಅಂದ್ಲು. ಎಲ್ಲರೂ ಅವ್ವನ ಕಡೆ ತಿರುಗಿದ್ರು. ರೇವತಿ ತುಪ್ಪದ ಗಿಂಡಿ ಕೆಳಗಿಟ್ಟು ಸೊಂಟದ ಮ್ಯಾಲೆ ಕೈ ಇಟ್ಟಳು. ಇಷ್ಟು ದಿನ ನುಂಗಿದ ಮಾತೆಲ್ಲ ಅವಳ ಗಂಟಲಿಗೆ ಬಂದಿತ್ತು. ನಾನೂ ಎಲೆ ಬಿಟ್ಟು ಎದ್ದು ನಿಂತೆ. ಅಷ್ಟರಾಗೆ ಅವ್ವ ಬಾಯಿ ಬಿಟ್ಲು.

"ಹೌದ್ರಿ ಬೀಗ್ತಿ. ಆವಾಗ ನನಗೆ ರಟ್ಟೆ ನೋವಿತ್ತು, ಜೋರು ಸಾಲಲಿಲ್ಲ. ಇವಳೊಬ್ಬಳಿಗೆ ನಾನು ಸಡ್ಲ ಕಟ್ಟಿಬಿಟ್ಟೆ."

ಶಾಂತಕುಮಾರಿ ಗಡಬಡಿಸಿ, ಇನ್ನೊಂದು ಹೋಳಿಗೆ ಹಾಕಿಸಿಕೊಳ್ರಿ ಅಂತ ಅವ್ವಗೇ ಉಪಚಾರ ಮಾಡೋಕೆ ಹತ್ತಿದ್ಲು. ಅವ್ವ ಹಾಕಿಸಿಕೊಂಡ್ಲು. ರೇವತಿ ಒಳಗೆ ಹೋದೋಳು ನಾವು ಹೊರಡೋ ತನಕ ಹೊರಗೆ ಬರಲಿಲ್ಲ. ನನ್ನ ಮೈ ಉರಿದು ಹೋತು. ಬಸ್ಸಿನಾಗೆ ಬಾಯಿಗೆ ಬಂದಂಗೆ ಅವ್ವಗೆ ಅಂದೆ. ಮಾಡದ ತಪ್ಪಿಗೆ ತಲೆ ಕೊಡೋ ಚಟ ನಿಂಗ್ಯಾಕ, ಆ ಹುಡುಗಿ ನಿನ್ನ ಸಲುವಾಗಿ ಮೈ ಹಾಳು ಮಾಡಿಕೊಂಡ್ಲಲ್ಲ, ಒಂದು ನಿಮಿಷ ಸುಮ್ಮನೆ ಕೂರೋಕೆ ಆಗಲಿಲ್ವಾ ಅಂದೆ. ಅವ್ವ ಕಿಟಕಿ ಕಡೆ ಮುಖ ಮಾಡಿಕೊಂಡಿದ್ಲು.

"ಒಂದು ಹೊಟ್ಟೆ ಕೆಡಿಸಿದ್ಲು ಅನ್ನಲಿ ಬಿಡು," ಅಂದ್ಲು. "ರೇವತಿ ಬಾಯಿ ಬಿಟ್ಟಿದ್ರೆ ನಾನು ಕಟ್ಟಿದ್ದೆಲ್ಲಾ ಸುಳ್ಳಾಗ್ತಿತ್ತಲ್ಲೇ."

ನಾನು ಮನೆ ಮುಟ್ಟೋ ಹೊತ್ತಿಗೆ ರೇವತಿ ಫೋನ್ ಬಂತು. ಅತ್ತಿ ಅಷ್ಟು ಅಂದಾಗ ಒಂದಿನನೂ ಅಳದೋಳು ಬಿಕ್ಕಿ ಬಿಕ್ಕಿ ಅಳ್ತಿದ್ಲು. ಡಾಕ್ಟರ್ ಹೇಳಿದ್ದು ಇನ್ನು ನಾನು ಯಾರಿಗೂ ಹೇಳಂಗಿಲ್ಲ ಅಕ್ಕ, ಹೇಳಿದ್ರೆ ಅಷ್ಟು ಜನದ ಮುಂದೆ ಅವ್ವ ಸುಳ್ಳಾಡಿದಂಗೆ ಆಗ್ತೈತೆ ಅಂದ್ಲು. ಇಷ್ಟು ತಿಂಗಳು ಯಾಕ ಬಡಿದಾಡಿದೆ ನಾನು ಅಂತ ಕೇಳಿದ್ಲು.